ಗಾಳಿಗೆ ಕಟ್ಟಿದ ದಿಬ್ಬ

ಲೋಕ ಹೊಸದಾಗಿದ್ದಾಗ, ಸುತ್ತ ಮಣ್ಣಿನ ದಿಬ್ಬ ಹಾಕಿದರೆ ಗಾಳಿ ಹೊರಗೇ ಉಳಿಯುತ್ತದೆ ಎಂದು ಬೆಟ್ಟದ ಜನರೆಲ್ಲ ನಂಬಿದ್ದರು. ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ನಂಬುವುದಕ್ಕೆ ಅದರ ಅಗತ್ಯವೂ ಇರಲಿಲ್ಲ.

ಆ ಎತ್ತರದಲ್ಲಿ ಮರವಿರಲಿಲ್ಲ. ಹುಲ್ಲು, ಎಮ್ಮೆ, ಏಳು ಗುಡಿಸಲು, ಮತ್ತೆ ಗಾಳಿ. ಗಾಳಿಗೆ ಆಗಿನ್ನೂ ಎಳೆವಯಸ್ಸು, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಓಡುವ ಭರದಲ್ಲಿ ಎಳೆಗರುಗಳನ್ನು ಕಮರಿಗೆ ಉರುಳಿಸುತ್ತಿತ್ತು. ಕೇತಮ್ಮನ ಎಮ್ಮೆಯ ಎರಡು ಕರು ಹಾಗೇ ಹೋಗಿದ್ದವು. ಮೂರನೆಯದು ಹುಟ್ಟಿ ನಾಲ್ಕು ದಿನವಾಗಿತ್ತು.

ಹಟ್ಟಿಯ ಹಿರಿಯ ಬೊಮ್ಮೇಗೌಡ ಒಂದು ಕಟ್ಟಳೆ ಮಾಡಿದ್ದ. ಗಾಳಿ ಬೀಸಿದ ದಿನವೆಲ್ಲ ಮನೆಗೊಂದು ಬುಟ್ಟಿ ಮಣ್ಣು ದಿಬ್ಬಕ್ಕೆ. ಹೊರಗೆ ಗಾಳಿಯಿದೆ, ಆದ್ದರಿಂದ ಅಗೆಯುವುದು ಒಳಗಡೆಯೇ. ದಿಬ್ಬ ಹಟ್ಟಿಯ ಸುತ್ತ ಬಳೆಯಂತೆ ಎದ್ದಿತ್ತು. ಅದರ ಬುಡದಲ್ಲಿ, ಒಳಬದಿಗೆ, ಕಂದಕವೂ ಇಳಿದಿತ್ತು.

ಗಾಳಿ ಬಂದು ನೋಡಿತು. "ಏನಿದು?"

"ನೀನು ಬರಬಾರದು ಅಂತ," ಎಂದಿತು ದಿಬ್ಬ.

"ಹೌದಾ? ನೋಡೇಬಿಡ್ತೀನಿ," ಎಂದು ಗಾಳಿ ಹಾರಿತು. ಬಿದ್ದದ್ದು ಕಂದಕಕ್ಕೆ. ಕಂದಕ ದುಂಡಗಿತ್ತು. ಗಾಳಿ ಸುತ್ತಿತು, ಸುತ್ತಿತು, ಮತ್ತೆ ಸುತ್ತಿತು.

ಗುಡಿಸಲುಗಳ ಹುಲ್ಲು ಕಿತ್ತುಹೋಯಿತು. ಕೇತಮ್ಮನ ಕರು ಎದ್ದಾಗಲೆಲ್ಲ ಬಿತ್ತು. ನಿಲ್ಲಲಾಗದ ಕರು ಹಾಲು ಕುಡಿಯುವುದು ಹೇಗೆ?

"ದಿಬ್ಬ ಸಾಲದು. ಇನ್ನು ಮನೆಗೆ ಎರಡು ಬುಟ್ಟಿ," ಎಂದ ಬೊಮ್ಮೇಗೌಡ.

"ಗೌಡ್ರೇ, ಬುಟ್ಟಿ ಹೆಚ್ಚಿದಷ್ಟೂ ಗಾಳಿಯೂ ಹೆಚ್ಚಿದೆಯಲ್ಲ?" ಎಂದಳು ಕೇತಮ್ಮ.

"ನಿನ್ನ ಬುಟ್ಟಿ ಚಿಕ್ಕದು ಕಣಮ್ಮ. ಅದಕ್ಕೇ."

ಕೇತಮ್ಮ ಕಂದಕದ ಅಂಚಿಗೆ ಹೋಗಿ ಬಗ್ಗಿದಳು. "ಯಾಕೆ ಮಗಾ, ಹೋಗಬಾರದಾ?"

"ಹೋಗಬೇಕು ಅಂತಲೇ ಓಡ್ತಿದೀನಿ, ಅವ್ವಾ," ಎಂದಿತು ಗಾಳಿ. "ದಾರಿ ಮುಗಿಯೋದೇ ಇಲ್ಲ. ನೀವು ಬೇರೆ ದಿನಾ ಇನ್ನಷ್ಟು ಆಳ ಮಾಡ್ತೀರಿ."

ಕೇತಮ್ಮ ಬುಟ್ಟಿಯನ್ನು ಬೋರಲು ಹಾಕಿದಳು. ಕರುವನ್ನು ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತತೊಡಗಿದಳು. ಎಮ್ಮೆ ಹಿಂದೆಯೇ ಹೊರಟಿತು.

"ಹೊರಗೆ ಗಾಳಿಯಿದೆ ಹುಚ್ಚಿ. ಇದೂ ಕಮರಿಗೆ ಹೋಗತ್ತೆ," ಎಂದ ಗೌಡ.

"ಒಳಗೇನಿದೆ ಗೌಡ್ರೇ?"

ಉತ್ತರ ಕೊಡಲು ಗೌಡ ಬಾಯಿ ತೆರೆದ. ಬಾಯ್ತುಂಬ ಧೂಳು ಹೊಕ್ಕಿತು.

ಆಚೆ ಬದಿ ಇಳಿದು ಕೇತಮ್ಮ ಕರುವನ್ನು ನೆಲಕ್ಕೆ ಬಿಟ್ಟಳು. ಅದರ ಕಾಲುಗಳು ಗಡಗಡ ನಡುಗಿದವು. ಅದು ಬೀಳಲಿಲ್ಲ. ತಾಯಿಯ ಹೊಟ್ಟೆಯಡಿಗೆ ಮೂತಿ ತೂರಿಸಿ ಕುಡಿಯತೊಡಗಿತು. ಅದನ್ನು ಕಂಡು ಉಳಿದ ಆರು ಮನೆಯವರೂ ಒಬ್ಬೊಬ್ಬರಾಗಿ ದಿಬ್ಬ ದಾಟಿದರು. ಗೌಡ ಎಲ್ಲರಿಗಿಂತ ಕೊನೆಗೆ ಬಂದ, ದಿಬ್ಬ ಸರಿಯಾಗಿಯೇ ಇದೆ ಎನ್ನುತ್ತ.

ಗಾಳಿ ಮಾತ್ರ ದಾಟಲಿಲ್ಲ. ಈಗಲೂ ಆ ಬೆಟ್ಟ ಹತ್ತಿದರೆ ನೀವೇ ನೋಡಬಹುದು: ದಿಬ್ಬದ ಒಳಗಿನ ಹುಲ್ಲು ನೆತ್ತಿಯ ಸುಳಿಯ ಹಾಗೆ ಸುತ್ತುತ್ತಲೇ ಇರುತ್ತದೆ, ಹೊರಗಿನ ಹುಲ್ಲು ನೆಟ್ಟಗೆ ನಿಂತಿರುತ್ತದೆ.