ಸೋತವನಿಗೆ ಹಾರ

“ನಿಂತರೆ ಬೀಳುತ್ತಾನೆ, ಬಿದ್ದರೆ ನಿಲ್ಲುತ್ತಾನೆ, ಗೆದ್ದರೆ ಊರೇ ಅಳುತ್ತದೆ. ಯಾರು ಹೇಳು.”

ಮರುಳಯ್ಯನಿಗೆ ಹೊಳೆಯಲಿಲ್ಲ. ಹೊಳೆಯುವಂಥ ಒಗಟೂ ಅದಾಗಿರಲಿಲ್ಲ. ಅಲ್ಲದೆ ಅವನು ಗುರುಗಳ ಬಳಿ ಬಂದದ್ದು ಒಗಟು ಬಿಡಿಸಲು ಅಲ್ಲ, ಮಠ ಬಿಡಲು. ಗಂಟು ಕಟ್ಟಿಯಾಗಿತ್ತು. ಗಂಟಿನಲ್ಲಿ ಒಂದು ಪಂಚೆ, ಒಂದು ಲೋಟ, ಮಿಕ್ಕದ್ದೆಲ್ಲ ಕೋಪ.

ಆದದ್ದು ಇಷ್ಟು. ಪಕ್ಕದ ಊರಿನ ಶಾಖಾಮಠಕ್ಕೆ ಒಬ್ಬ ಒಡೆಯ ಬೇಕಾಗಿತ್ತು. ಮಠದವರೆಲ್ಲ ಚೀಟಿ ಬರೆದು ಗಡಿಗೆಗೆ ಹಾಕಿದರು. ಅನ್ನಕ್ಕೆ ಎಷ್ಟು ನೀರೆಂದೂ ತಿಳಿಯದ, ಮೊನ್ನೆ ಮೊನ್ನೆ ಬಂದ ಶಿಷ್ಯ ಗೆದ್ದ. ಮರುಳಯ್ಯನ ಹೆಸರಿಗೆ ಬಂದದ್ದು ಒಂದೇ ಚೀಟಿ. ಅದರ ಅಕ್ಷರ ಅವನದೇ.

“ಬುದ್ಧಿ, ನನ್ನಲ್ಲಿ ಏನು ಕೊರತೆ?” ಎಂದು ಅವನು ಕೇಳಿದ್ದ. “ದಾಸೋಹದ ಒಲೆ ಹೊತ್ತಿಸುವವನು ನಾನು. ಜ್ವರ ಬಂದವರಿಗೆ ಗಂಜಿ ಕಾಯಿಸುವವನು ನಾನು. ಒಬ್ಬರಾದರೂ ನನಗೆ ಹಾಕಬಾರದಿತ್ತೇ?”

ಅದಕ್ಕೆ ಗುರು ಕೊಟ್ಟ ಉತ್ತರವೇ ಆ ಒಗಟು.

“ಗೊತ್ತಾಗಲಿಲ್ಲವೇ? ಹಾಗಾದರೆ ಗಂಟು ಕೆಳಗಿಡು. ಕತೆ ಕೇಳಿಕೊಂಡು ಹೋಗುವೆಯಂತೆ,” ಎಂದು ಗುರು ಹೇಳತೊಡಗಿದರು.

ಒಂದು ವಿಧಾನಸಭಾ ಕ್ಷೇತ್ರ. ಎಲ್ಲ ಹಳ್ಳಿಗಳೇ. ಮೊದಲ ಚುನಾವಣೆಗೆ ಒಬ್ಬ ಜಮೀನ್ದಾರ ನಿಂತ. ಗದ್ದೆ ನನ್ನದು, ಗೇಣಿಯವರು ನನ್ನವರು, ವೋಟೂ ನನ್ನದೇ ಎಂದ. ಗೆದ್ದ. ರಾಜಧಾನಿಗೆ ಹೋಗಿ ಕೂತ. ಎರಡನೆಯದಕ್ಕೆ ಒಬ್ಬ ವ್ಯಾಪಾರಿ ನಿಂತ. ಊರೂರಿಗೆ ಬೆಲ್ಲ ಹಂಚಿದ. ಗೆದ್ದ, ಹೋಗಿ ಕೂತ. ಮೂರನೆಯದಕ್ಕೆ ವ್ಯಾಪಾರಿಯ ಅಳಿಯ ಗೆದ್ದ. ಮಾವ ಕೂತು ಬೆಚ್ಚಗೆ ಮಾಡಿಟ್ಟಿದ್ದ ಕುರ್ಚಿಯಲ್ಲೇ ಕೂತ.

ಮೂರು ಸಲವೂ ಏಣಿ ಗುರುತಿನಿಂದ ಒಬ್ಬ ರೈತ ನಿಂತಿದ್ದ. ಮೂರು ಸಲವೂ ಸೋತ. ಸೋತವನಿಗೆ ಕುರ್ಚಿಯಿಲ್ಲ, ಆದ್ದರಿಂದ ನಿಂತೇ ಇದ್ದ. ಬಸ್ಸು ಊರಲ್ಲಿ ನಿಲ್ಲದೆ ಹೋಗುತ್ತಿತ್ತು. ಇವನು ರಸ್ತೆಯ ನಡುವೆ ನಿಂತ, ಬಸ್ಸೂ ನಿಂತಿತು. ಒಬ್ಬ ವಿಧವೆಗೆ ಪಿಂಚಣಿ ಬರಲಿಲ್ಲ. ಇವನು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತ. ಸಾಹೇಬರು ಊಟಕ್ಕೆ ಹೋಗಲು ದಾರಿಯಿಲ್ಲದೆ ಸಹಿ ಹಾಕಿದರು. ಶಾಲೆಯ ಸೂರು, ಕೆರೆಯ ತೂಬು, ಎಲ್ಲ ಅವನೇ ನಿಂತು ಮಾಡಿಸಿದ.

ಆದರೆ ಯಾವ ಊರಿನ ಕೆಲಸ ಮಾಡಿಸಿದನೋ ಆ ಊರಿನ ವೋಟು ಮುಂದಿನ ಸಲ ಮಾಯ. ಅವನ ಮುಖ ಕಂಡರಿಯದ ಊರಿನವರು ಮಾತ್ರ, ಪಾಪ, ಏಣಿಗೆ ಮುದ್ರೆ ಒತ್ತುತ್ತಿದ್ದರು.

ನಾಲ್ಕನೆಯ ಚುನಾವಣೆ ಬಂತು. ರೈತ ಹೆಂಡತಿಗೆ ಹೇಳಿದ: “ಇದೇ ಕೊನೆ. ಸೋತರೆ ಹೊಲವಾಯಿತು, ನಾನಾಯಿತು. ಇನ್ನು ಯಾರ ಸಲುವಾಗಿಯೂ ನಿಲ್ಲೋದಿಲ್ಲ.” ಮುದ್ದೆ ತಿರುವುತ್ತಿದ್ದ ಹೆಂಡತಿ “ಹೂಂ” ಎಂದಳು.

ಎಣಿಕೆಯ ದಿನ ಅವನು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ತಮಟೆಯ ಸದ್ದು ಕೇಳಿತು. ಹಾರ ಹಿಡಿದ ಜನ ಅವನ ಮನೆಯ ಕಡೆಗೇ ಬಂದರು. ರೈತ ತಲೆ ಬಾಚಿಕೊಂಡು ಎದ್ದ.

“ಗೆದ್ದೆನೇನ್ರೋ?”

“ಸೋತೆ ಕಣಪ್ಪ,” ಎನ್ನುತ್ತ ಮುಂದಿದ್ದ ಮುದುಕಿ ಹಾರ ಹಾಕಿದಳು. “ಈ ಸಲ ಠೇವಣೀನೂ ಹೋಯ್ತು.”

“ಹಂಗಾದ್ರೆ ಹಾರ ಯಾಕವ್ವ?”

“ಗೆದ್ದಿದ್ರೆ ನೀನೂ ಹೋಗಿ ಕೂತ್ಕತಿದ್ದೆ. ನಮ್ಮ ಬಸ್ಸಿಗೆ ಅಡ್ಡ ಯಾರು ನಿಲ್ಲೋರು? ಕೂರೋಕೆ ಆ ಅಳಿಯ ಸಾಕು ಬಿಡು.”

ರೈತ ಹೆಂಡತಿಯ ಮುಖ ನೋಡಿದ.

“ನನ್ನ ಯಾಕೆ ನೋಡ್ತೀರಿ? ನನ್ನ ವೋಟೂ ನಿಮಗೆ ಬಿದ್ದಿಲ್ಲ,” ಎಂದಳು ಅವಳು. “ಹೊತ್ತು ಮುಳುಗೋ ಹೊತ್ಗೆ ಉಣ್ಣಕ್ಕೆ ಮನೆಗೆ ಬರೋ ಗಂಡ ಬೇಕಾಗಿತ್ತು ನಂಗೆ.”

ರೈತ ಹಾರ ಕಿತ್ತೆಸೆಯಲು ಕೈ ಹಾಕಿದ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಹಾರ ಕೊರಳಲ್ಲೇ ಇತ್ತು. ಅವನು ಓಡಿಹೋಗಿ ರಸ್ತೆಯ ನಡುವೆ ನಿಂತಿದ್ದ.

ಗುರು ಕತೆ ಮುಗಿಸಿದರು. ಮರುಳಯ್ಯನಿಗೆ ನಗು ಬಂತು. ಕೋಪದ ಗಂಟು ಕಟ್ಟಿಕೊಂಡು ಬಂದವನು ನಗುವುದೇ ಎಂದು ನಾಚಿಕೆಯೂ ಆಯಿತು.

ಒಳಗಿನಿಂದ ಯಾರೋ ಕೂಗಿದರು: “ಮರುಳಯ್ಯ, ಸಾರಿಗೆ ಉಪ್ಪು ಎಷ್ಟು?”

ಕೂಗು ಮುಗಿಯುವುದರೊಳಗೆ ಅವನು ಎದ್ದು ಹೊಸ್ತಿಲ ತನಕ ಹೋಗಿದ್ದ. ಗಂಟು ಗುರುಗಳ ಕಾಲ ಬಳಿಯೇ ಉಳಿದಿತ್ತು. ಏನೋ ನೆನಪಾದವನಂತೆ ತಿರುಗಿ ಕೇಳಿದ: “ಬುದ್ಧಿ, ಸೋತವನಿಗೆ ನಿಜವಾಗಿ ಹಾರ ಹಾಕಿದರೇ?”

“ಇಲ್ಲ ಮರುಳಯ್ಯ, ಕತೆಯ ಕೊನೆ ಸುಳ್ಳು, ಆ ಹಾರ ನಾನೇ ಕಟ್ಟಿದ್ದು; ನಾನು ನಿನಗೆ ಚೀಟಿ ಹಾಕದಿದ್ದದ್ದು ಮಾತ್ರ ನಿಜ.”