ಎತ್ತಿಟ್ಟ ಕೊಡಗಳು

ಜನರಿಗೆ ಕುಡಿಯುವ ನೀರು ಕೊಡುವುದು ಸರ್ಕಾರದ ಹೊಣೆಯಂತೆ. ಆ ಹೊಣೆ ಎಷ್ಟು ಚೆನ್ನಾಗಿ ನಡೆದಿದೆ ಎಂದು ನೋಡಲು ರಾಜಧಾನಿಯಿಂದ ಒಂದು ಸಮಿತಿ ಬರುವುದಿತ್ತು. ಹಿಂದಿನ ದಿನ ಪುರಸಭೆಯ ಮುಖ್ಯಾಧಿಕಾರಿ ಪರಮಶಿವಯ್ಯ ಕುಂಬಾರಗೇರಿಗೆ ಬಂದರು. ಒಣಗಿದ ನಲ್ಲಿಯ ಮುಂದೆ ಕೊಡಗಳು ಸಾಲಾಗಿ ಕೂತಿದ್ದವು. ಕೊಡ ಇಟ್ಟವರದೇ ಸರದಿ. ಅದು ಕೇರಿಯ ಪದ್ಧತಿ.

"ಈ ದರಿದ್ರ ಸಾಲು ನಾಳೆ ಇಲ್ಲಿ ಕಾಣಬಾರದು. ಕಂಡರೆ ಎಲ್ಲವನ್ನೂ ಲಾರಿಗೆ ಹಾಕಿಸ್ತೀನಿ!"

"ಎತ್ತಿ ಎಲ್ಲಿಡೋಣ ಸ್ವಾಮಿ?" ಎಂದಳು ಹೂ ಮಾರುವ ಹೊನ್ನೂರಮ್ಮ.

"ಎಲ್ಲಾದ್ರೂ ಇಟ್ಕೊಳ್ರಮ್ಮ!"

ಬೆಳಿಗ್ಗೆ ಕೇರಿ ಖಾಲಿಯಿತ್ತು. ನೀರಿಗೆ ಸಾಲೇ ಇಲ್ಲವೆಂದು ಸಮಿತಿ ಮೆಚ್ಚಿಕೊಂಡಿತು. ಪರಮಶಿವಯ್ಯ ಉಬ್ಬಿಹೋಗಿ, ಎಲ್ಲರನ್ನೂ ತಿಂಡಿಗೆ ತಮ್ಮ ಬಂಗಲೆಗೆ ಕರೆತಂದರು. ಅಲ್ಲಿ ಗೇಟಿನಿಂದ ಗುಲಾಬಿ ತೋಟದ ನಲ್ಲಿಯವರೆಗೂ ಕೊಡಗಳ ಸಾಲು. ಊರಲ್ಲಿ ದಿನವಿಡೀ ನೀರು ಬರುವ ನಲ್ಲಿ ಅದೊಂದೇ. ಹೊನ್ನೂರಮ್ಮ ಮೊದಲ ಕೊಡ ತುಂಬಿಸುತ್ತಿದ್ದಳು.

"ಇದೇನ್ರೀ?" ಎಂದರು ಸಮಿತಿಯ ಅಧ್ಯಕ್ಷೆ.

ಅಧಿಕಾರಿಗೆ ಸುಳ್ಳು ಬೇಗ ಹೊಳೆಯುತ್ತದೆ. "ನನ್ನದೇ ಯೋಜನೆ ಮೇಡಂ. ನಮ್ಮ ಮನೆ ನಲ್ಲಿ ಜನರ ಸೇವೆಗೆ!"

"ಭೇಷ್! ಹಾಗಾದರೆ ಈ ಗೇಟು ಯಾವತ್ತೂ ಮುಚ್ಚಬಾರದು," ಎಂದು ಅಧ್ಯಕ್ಷೆ ಅಲ್ಲೇ ಆದೇಶ ಕೊಟ್ಟರು.

ಸಮಿತಿಯ ಕಾರು ಮರೆಯಾಯಿತು. ಗುಲಾಬಿ ಗಿಡಗಳು ಕೆಸರಲ್ಲಿ ಮಲಗಿದ್ದವು. "ಇವೆಲ್ಲ ಯಾವಾಗಮ್ಮ ಇಲ್ಲಿಂದ ಏಳೋದು?" ಪರಮಶಿವಯ್ಯ ಹಲ್ಲು ಕಡಿದರು.

"ನಮ್ಮ ಕೇರಿಗೆ ನೀರು ಬಂದ ದಿನ ಸ್ವಾಮಿ," ಎಂದು ಹೊನ್ನೂರಮ್ಮ ಕೊಡ ಸೊಂಟಕ್ಕೇರಿಸಿದಳು.

ವರ್ಷಗಟ್ಟಲೆ ಪುರಸಭೆಗೆ ಎಲ್ಲೂ ಸಿಗದಿದ್ದ, ಕುಂಬಾರಗೇರಿಗೆ ಹಾಕಬೇಕಾದ ನೀರಿನ ಪೈಪು ಆ ವಾರವೇ ಸಿಕ್ಕಿತು.