ಲದ್ದಿ ಕೇಳಿದ ಬೊಮ್ಮಕ್ಕ

ಒಂದು ಊರಿತ್ತಂತೆ. ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಬೇಡ. ಆ ಊರಿಗೊಬ್ಬ ರಾಜ, ರಾಜನಿಗೊಂದು ಆನೆ, ಆನೆಗೆ ಮೇವು ಹಾಕುವುದಕ್ಕೆ ಸುತ್ತ ಏಳು ಹಳ್ಳಿ. ರಾಜನಿಗೂ ಹೊಟ್ಟೆಯಿದೆ, ಆನೆಗೂ ಹೊಟ್ಟೆಯಿದೆ, ಏಳು ಹಳ್ಳಿಗೆ ಮಾತ್ರ ಹೊಟ್ಟೆಯಿಲ್ಲ ಅನ್ನುವುದು ಅರಮನೆಯ ಲೆಕ್ಕ.

ಆ ಏಳರಲ್ಲಿ ಒಂದು ಹಳ್ಳಿಯಲ್ಲಿ ಬೊಮ್ಮಕ್ಕ ಇದ್ದಳಂತೆ. ಗಂಡ ಚಿಕ್ಕೀರ, ಅತ್ತೆ ತಿಮ್ಮವ್ವ, ಎರಡು ಮಕ್ಕಳು, ಒಂದು ಎಮ್ಮೆ, ಅಂಗೈಯಗಲ ಕಬ್ಬಿನ ಗದ್ದೆ. ಮಳೆ ಚೆನ್ನಾಗಿತ್ತು, ಕೆರೆ ತುಂಬಿತ್ತು, ಕಬ್ಬು ಆಳೆತ್ತರ ಬೆಳೆಯುತ್ತಿತ್ತು. ಆದರೂ ಮನೆಯ ಮೇಲೆ ಸಾಲ. ಯಾಕೆ ಅಂದರೆ ತಿಂಗಳಿಗೊಮ್ಮೆ ಆನೆಯ ಸರದಿ ಬರುತ್ತಿತ್ತು. ಸರದಿ ಬಂದ ಮನೆ ಒಂದು ಹೊರೆ ಕಬ್ಬು, ಒಂದು ಕೊಳಗ ರಾಗಿ, ಒಂದು ಬುಟ್ಟಿ ಬೆಲ್ಲ ಹೊತ್ತುಕೊಂಡು ಹೋಗಿ ಅರಮನೆಯ ಆನೆ ಲಾಯಕ್ಕೆ ಒಪ್ಪಿಸಬೇಕು. ಮನೆಯಲ್ಲಿ ಇದ್ದರೆ ಇದ್ದದ್ದು, ಇಲ್ಲದಿದ್ದರೆ ಸಾಹುಕಾರ ಗುರುಮಲ್ಲಪ್ಪನ ಅಂಗಡಿಯಿಂದ ಸಾಲ ತಂದು. ಒಪ್ಪಿಸದಿದ್ದರೆ ಛಡಿ ಏಟು.

ಹೀಗೆ ಸಾಲ ಬೆಳೆಯಿತು. ಕಬ್ಬಿಗಿಂತ ಜೋರಾಗಿ ಬೆಳೆಯಿತು. ಒಂದು ದಿನ ಗುರುಮಲ್ಲಪ್ಪ ಬಂದು ಜಗಲಿಯ ಮೇಲೆ ಕೂತ.

"ನೋಡು ತಂಗಿ ಬೊಮ್ಮಕ್ಕ, ಯುಗಾದಿಗೆ ಸಾಲ ತೀರಬೇಕು. ತೀರಲಿಲ್ಲವೋ, ನಿನ್ನ ಗಂಡ ನನ್ನ ಮನೆ ಜೀತಕ್ಕೆ ಬರಬೇಕು. ಇವನ ಕಾಲ ಮುಗಿದರೆ ಆಮೇಲೆ ಇವನ ಮಗ."

"ಹೇಗೆ ತೀರಿಸೋದು ಸಾವ್ಕಾರ್ರೇ?"

"ಖರ್ಚು ಕಡಿಮೆ ಮಾಡಬೇಕು ತಾಯಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಬಡವರಿಗೆ ನಾಲಿಗೆ ಉದ್ದ, ಅದಕ್ಕೇ ಸಾಲ." ಹೀಗಂದು ಅವಳ ಮನೆಯ ಕೊನೆಯ ಲೋಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಎದ್ದು ಹೋದನಂತೆ.

ಬೊಮ್ಮಕ್ಕ ಹಟದ ಹೆಂಗಸು. ಗಂಡನನ್ನು ಜೀತಕ್ಕೆ ಬಿಡುವುದಿಲ್ಲ ಅಂತ ಸೆರಗು ಸಿಕ್ಕಿಸಿ ನಿಂತಳು. ಮೊದಲು ಮಜ್ಜಿಗೆ ನಿಲ್ಲಿಸಿದಳು. ಎಮ್ಮೆ ಕರೆದದ್ದೆಲ್ಲ ಮಾರಾಟಕ್ಕೆ. ಸಾಲ ಇಳಿಯಲಿಲ್ಲ. ದೀಪ ನಿಲ್ಲಿಸಿದಳು, ಹೊತ್ತು ಮುಳುಗುವ ಮೊದಲೇ ಉಂಡು ಮಲಗುವುದು. ಸಾಲ ಇಳಿಯಲಿಲ್ಲ. ಮಕ್ಕಳ ತಲೆಗೆ ಎಣ್ಣೆ ನಿಲ್ಲಿಸಿದಳು, ತಲೆ ತೆಂಗಿನ ನಾರಿನಂತಾಯಿತು. ಸಾಲ ಇಳಿಯಲಿಲ್ಲ. ಮುದ್ದೆ ಚಿಕ್ಕದಾಯಿತು, ಸಾರು ತೆಳ್ಳಗಾಯಿತು. ಸಾಲ ಇಳಿಯಲಿಲ್ಲ.

ಕೊನೆಗೆ ಅತ್ತೆಯ ಎಲೆ ಅಡಿಕೆಗೆ ಕೈ ಹಾಕಿದಳಂತೆ.

"ಅತ್ತೆಮ್ಮ, ಯುಗಾದಿ ತನಕ ಎಲೆ ಅಡಿಕೆ ಬೇಡ."

"ಹಲ್ಲು ಉದುರಿದ ಬಾಯಿಗೆ ಇದ್ದದ್ದು ಅದೊಂದೇ ಸುಖ ಕಣೇ," ಅಂದಳು ತಿಮ್ಮವ್ವ. "ನಾಳೆ ಉಸಿರಾಡೋದೂ ದುಬಾರಿ ಅಂತೀಯೇನೋ."

ಆದರೂ ಮುದುಕಿ ಮಗನ ಮುಖ ನೋಡಿ ಎಲೆಸಂಚಿ ತೆಗೆದಿಟ್ಟಳು. ಬರೀ ಬಾಯಿ ಜಗಿಯುತ್ತಾ ಕೂತಳು. ಆ ಬರೀ ಬಾಯಿ ನೋಡಲಾರದೆ ಬೊಮ್ಮಕ್ಕ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಳಂತೆ.

ಅಷ್ಟರಲ್ಲಿ ಸರದಿ ಮತ್ತೆ ಬಂತು. ಮನೆಯಲ್ಲಿ ಬೆಲ್ಲ ಇರಲಿಲ್ಲ. ಸಾಹುಕಾರನ ಅಂಗಡಿಗೆ ಹೋಗಿ ಒಂದು ಬುಟ್ಟಿ ಬೆಲ್ಲ ಸಾಲ ತಂದಳು. ಮನೆಯಲ್ಲಿ ಇಳಿಸಿ ನೋಡಿದರೆ ಒಂದು ಅಚ್ಚಿನ ಮೇಲೆ ಉದ್ದಕ್ಕೆ ಒಂದು ಗೆರೆ, ವಾಸಿಯಾದ ಗಾಯದ ಹಾಗೆ ಉಬ್ಬಿದ ಗೆರೆ. ಇನ್ನೊಂದರ ಮೇಲೂ ಅದೇ ಗೆರೆ. ಬೊಮ್ಮಕ್ಕ ಒಳಗೆ ಹೋಗಿ ತನ್ನ ಮನೆಯ ಬೆಲ್ಲದ ಮಣೆ ತಂದಳು. ಬಿಸಿ ಪಾಕ ಹುಯ್ಯುವ ಆ ಮಣೆಯಲ್ಲಿ ಒಂದು ಗುಳಿ ಸೀಳು ಬಿಟ್ಟಿತ್ತು. ಆ ಗುಳಿಯಲ್ಲಿ ಎರೆದ ಬೆಲ್ಲಕ್ಕೆಲ್ಲ ಅದೇ ಗಾಯ. ಸಂತೆಯಲ್ಲಿ ಅಂಥ ಬೆಲ್ಲವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಆನೆಗೇನು ಗೊತ್ತು ಗಾಯ ಅಂತ ಅವಳು ಅದನ್ನೆಲ್ಲ ಆನೆಯ ಬುಟ್ಟಿಗೇ ಹಾಕುತ್ತಿದ್ದಳು.

ಬೆಲ್ಲವನ್ನು ಗುಳಿಯಲ್ಲಿ ಇಟ್ಟು ನೋಡಿದಳು. ಮಗು ತಾಯ ಮಡಿಲಲ್ಲಿ ಕೂತಂತೆ ಕೂತಿತು.

"ಅತ್ತೆಮ್ಮ, ಆನೆ ತಿಂದ ಬೆಲ್ಲ ಸಾವ್ಕಾರನ ಅಂಗಡಿಗೆ ಹೇಗೆ ಬಂತು?"

ತಿಮ್ಮವ್ವ ಬರೀ ಬಾಯಿ ಜಗಿಯುವುದನ್ನು ನಿಲ್ಲಿಸಿದಳು. "ಲಾಯದ ಪಾರುಪತ್ಯಗಾರ ಯಾರು ಅಂದ್ಕೊಂಡೆ? ಗುರುಮಲ್ಲಪ್ಪನ ಅಕ್ಕನ ಗಂಡ."

ಈ ಸರದಿಗೆ ಗಂಡನನ್ನು ಕಳಿಸಲಿಲ್ಲ. ಬೊಮ್ಮಕ್ಕ ಗಾಯದ ಬೆಲ್ಲದಲ್ಲಿ ಒಂದು ಅಚ್ಚು ತೆಗೆದಿಟ್ಟುಕೊಂಡು, ತಾನೇ ಬುಟ್ಟಿ ಹೊತ್ತು ಅರಮನೆಗೆ ಹೋದಳಂತೆ. ಲಾಯದ ಬಾಗಿಲು ಮುಚ್ಚಿತ್ತು. ಒಳಗೆ ಆನೆಯ ಗಂಟೆ ಢಣ್ ಢಣ್ ಅನ್ನುತ್ತಿತ್ತು. ಕಾವಲಿನವನು ಬುಟ್ಟಿ ಇಳಿಸಿಕೊಂಡ.

"ಅಣ್ಣಾ, ಆನೇನ ಒಂದು ಸಲ ಕಣ್ತುಂಬ ನೋಡಿ ಹೋಗ್ತೀನಿ."

"ಆಗಲ್ಲಮ್ಮ, ಅದಕ್ಕೆ ಮದ ಬಂದಿದೆ."

"ಎಷ್ಟು ದಿನದಿಂದ?"

"ನಮ್ಮಪ್ಪ ಈ ಬಾಗಿಲು ಕಾಯೋ ಕಾಲದಿಂದ," ಅಂದ ಅವನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಬೊಮ್ಮಕ್ಕ ಏನೂ ಕೇಳದವಳಂತೆ ಸುತ್ತ ನೋಡಿದಳು. ಲಾಯದ ಮುಂದೆ ನೆಲ ಸಾರಿಸಿ ರಂಗೋಲೆ ಬಿಟ್ಟಿದ್ದರು. ಗೋಡೆಗೆ ಮಲ್ಲಿಗೆ ಬಳ್ಳಿ ಹಬ್ಬಿತ್ತು. ಒಂದು ನೊಣವಿಲ್ಲ, ಒಂದು ಚೂರು ನಾತವಿಲ್ಲ. ಅವಳ ಮನೆಯ ಒಂದು ಎಮ್ಮೆಯ ಸಗಣಿ ಬಾಚುವುದಕ್ಕೆ ಬೆಳಗಿನ ಹೊತ್ತೆಲ್ಲ ಬೇಕು. ಏಳು ಹಳ್ಳಿಯ ಕಬ್ಬು ತಿನ್ನುವ ಆನೆಯ ಲಾಯದಲ್ಲಿ ಮಲ್ಲಿಗೆ ವಾಸನೆ.

ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತ ಹಿರಿಯರು ಹೇಳುತ್ತಾರೆ. ಇಲ್ಲದ ಆನೆಯ ಹೊಟ್ಟೆಗೆ ನನ್ನ ಮಕ್ಕಳ ಮಜ್ಜಿಗೆ ಸುರಿದೆನಲ್ಲಾ. ಇದ್ದಷ್ಟು ಹಾಸಿಗೆಯಲ್ಲಿ ಕಾಲು ಮಡಿಸಿ ಮಡಿಸಿ ಮಲಗಿದೆವು, ಹಾಸಿಗೆಯನ್ನು ಕತ್ತರಿಸಿಕೊಂಡು ಹೋದವರು ಯಾರು ಅಂತ ಕೇಳಲಿಲ್ಲವಲ್ಲಾ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಚಿಕ್ಕೀರ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. "ಸುಮ್ಮನಿರೇ. ಪಟ್ಟದ ಆನೆ ಸತ್ತಿದೆ ಅಂದರೆ ನಾಲಿಗೆ ಕತ್ತರಿಸುತ್ತಾರೆ."

"ಸತ್ತಿದೆ ಅಂತ ನಾನ್ಯಾಕೆ ಅನ್ನಲಿ? ಇದೆ ಅಂತಲೇ ಅನ್ನುತ್ತೀನಿ," ಅಂದಳು ಬೊಮ್ಮಕ್ಕ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮನೆಯ ದನ ಆದರೂ ಸರಿ, ಮೇವು ಹಾಕಿದವರು ಯಾರೋ ಗೊಬ್ಬರ ಅವರದು. ಪಕ್ಕದ ಮನೆಯ ಎತ್ತಿಗೆ ನಾಲ್ಕು ದಿನ ಹುಲ್ಲು ಹಾಕಿದರೆ ನಾಲ್ಕು ದಿನದ ಸಗಣಿ ನಿಮ್ಮ ತಿಪ್ಪೆಗೆ. ಇದಕ್ಕೆ ಜಗಳವಿಲ್ಲ, ಪಂಚಾಯ್ತಿಯಿಲ್ಲ.

ಬೊಮ್ಮಕ್ಕ ರಾಜನ ಓಲಗಕ್ಕೆ ಹೋಗಿ ಕೈಮುಗಿದು ನಿಂತಳಂತೆ.

"ಏನಮ್ಮ ನಿನ್ನ ದೂರು?"

"ದೂರಲ್ಲ ಬುದ್ಧಿ, ಬೇಡಿಕೆ. ನಾವು ಏಳು ಹಳ್ಳಿಯವರು ತಮ್ಮ ಪಟ್ಟದ ಆನೆಗೆ ಅಜ್ಜನ ಕಾಲದಿಂದ ಮೇವು ಹಾಕ್ತಾ ಇದ್ದೀವಿ. ಅದರ ಲದ್ದಿ ನಮಗೆ ಕೊಡಿಸಬೇಕು. ಗದ್ದೆಗೆ ಹಾಕ್ಕೊಂಡು, ನಾಲ್ಕು ಕಾಳು ಹೆಚ್ಚು ಬೆಳೆದು, ಸಾಲ ತೀರಿಸ್ಕೋತೀವಿ."

ಓಲಗವೆಲ್ಲ ನಕ್ಕಿತು. ಪಾರುಪತ್ಯಗಾರ ಒಬ್ಬ ನಗಲಿಲ್ಲ. "ಮಹಾಸ್ವಾಮಿ, ಆನೆಯ ಲೆಕ್ಕವೆಲ್ಲ ಓಲೆಯಲ್ಲಿ ಸರಿಯಾಗಿದೆ," ಅಂದ.

"ಇರಬೋದು ಬುದ್ಧಿ. ಓಲೇನ ಗದ್ದೆಗೆ ಹಾಕಿದರೆ ಕಬ್ಬು ಬೆಳೀತದಾ?"

ರಾಜನಿಗೆ ಖುಷಿಯಾಯಿತು. ತನಗೆ ಬೇಡದ್ದನ್ನು ದಾನ ಕೊಡುವುದರಲ್ಲಿ ರಾಜರಷ್ಟು ಧಾರಾಳಿಗಳು ಯಾರಿದ್ದಾರೆ. "ಲದ್ದಿ ತಾನೆ, ಬರುವ ಸೋಮವಾರ ಬಂದು ತುಂಬಿಕೊಂಡು ಹೋಗಿ," ಅಂದ.

"ಬಾಗಿಲವರು ತಡೀತಾರೆ ಬುದ್ಧಿ. ಡಂಗುರ ಹೊಡೆಸಿಬಿಡಿ."

ಏಳು ಹಳ್ಳಿಗೂ ಡಂಗುರ ಹೋಯಿತು. "ಕೇಳ್ರಪ್ಪೋ ಕೇಳಿ. ಏಳು ಹಳ್ಳಿಯ ಮೇವು ಯಾರು ತಿಂತಾರೋ ಅವರ ಲದ್ದಿ ಏಳು ಹಳ್ಳಿಗೆ ಸೇರಿದ್ದು. ಇದು ಮಹಾರಾಜರ ಅಪ್ಪಣೆ. ಎಂದೆಂದಿಗೂ ತಪ್ಪಬಾರದು."

ಪಾರುಪತ್ಯಗಾರನಿಗೆ ಊಟ ಸೇರಲಿಲ್ಲ. ಆಳುಗಳನ್ನು ಅಟ್ಟಿ ಪೇಟೆಯ ಸಗಣಿಯನ್ನೆಲ್ಲ ಹೊರಿಸಿದ. ಹಸುವಿನದು, ಕುದುರೆಯದು, ಕತ್ತೆಯದು, ಎಲ್ಲ ಕಲಸಿ ಕುಂಬಳಕಾಯಿ ಗಾತ್ರದ ಉಂಡೆ ಕಟ್ಟಿಸಿದ. ಜನ್ಮದಲ್ಲಿ ಕೈ ಕೆಸರು ಮಾಡಿಕೊಳ್ಳದವನು ಆಳುಗಳ ಕೈ ಸಾಲದೆ ಬಂದಾಗ ತಾನೂ ಕೂತು ಉಂಡೆ ಕಟ್ಟಿದನಂತೆ.

ಸೋಮವಾರ ಬಂತು. ಏಳು ಹಳ್ಳಿಯ ಜನ ಬಂದರು. ಗಂಡಸರು, ಹೆಂಗಸರು, ಬಸುರಿಯರು, ಮುದುಕರು, ಎಲ್ಲರ ತಲೆಯ ಮೇಲೂ ಒಂದೊಂದು ಖಾಲಿ ಬುಟ್ಟಿ. ಗುರುಮಲ್ಲಪ್ಪನೂ ಬಂದ, ಭಾವನ ಗತಿ ಏನಾಗುತ್ತದೋ ಅಂತ. ರಾಜ ತನ್ನ ಧಾರಾಳತನ ತಾನೇ ನೋಡುವುದಕ್ಕೆ ಉಪ್ಪರಿಗೆ ಇಳಿದು ಬಂದ.

ಅಂಗಳದಲ್ಲಿ ಉಂಡೆಗಳ ರಾಶಿ. ತಿಮ್ಮವ್ವ ಮುಂದೆ ಹೋಗಿ ಒಂದನ್ನು ಒಡೆದು ಮೂಸಿದಳು.

"ಇದು ಹಸೂದು. ಈ ಕಡೇದು ಕತ್ತೇದು. ನಾವು ಕೊಟ್ಟದ್ದು ಕಬ್ಬು ಕಣಪ್ಪಾ, ಕಬ್ಬಿನ ಸಿಪ್ಪೆ ಒಂದೆಳೆ ಇಲ್ವಲ್ಲ ಇದರಲ್ಲಿ. ನಿಮ್ಮ ಆನೆ ಹಸು ಈಯ್ತೋ, ಕತ್ತೆ ಈಯ್ತೋ?"

ಜನ ಘೊಳ್ಳೆಂದರು. ರಾಜನ ಮುಖ ಗಂಭೀರವಾಯಿತು. "ಆನೆಯನ್ನು ಹೊರಗೆ ತನ್ನಿ."

"ಮದ ಬಂದಿದೆ ಮಹಾಸ್ವಾಮಿ," ಅಂದ ಪಾರುಪತ್ಯಗಾರ. ಒಳಗಿನಿಂದ ಗಂಟೆ ಢಣ್ ಢಣ್ ಅಂದಿತು.

"ಮದ ಬಂದ ಆನೆಯೂ ಹೇಲುತ್ತದೆ ಬುದ್ಧಿ," ಅಂದಳು ಬೊಮ್ಮಕ್ಕ. "ನಾವು ಬುಟ್ಟಿ ಖಾಲಿ ತಗೊಂಡು ಹೋಗೋದಿಲ್ಲ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಏಳು ಹಳ್ಳಿಯೂ ಒಂದು ಹೆಜ್ಜೆ ಮುಂದಿಟ್ಟಿತು. ಅಷ್ಟೂ ಬುಟ್ಟಿಗಳು ಒಟ್ಟಿಗೆ ಬರುವುದನ್ನು ನೋಡಿ ಕಾವಲಿನವನು ಬಾಗಿಲ ಅಗಳಿ ತೆಗೆದು ಬದಿಗೆ ಸರಿದನಂತೆ.

ಒಳಗೆ ಆನೆ ಇರಲಿಲ್ಲ. ಹೊಳೆಯುವ ಸರಪಳಿ ಇತ್ತು. ತೊಲೆಗೆ ಕಟ್ಟಿದ ಗಂಟೆ ಇತ್ತು, ಹಗ್ಗ ಎಳೆಯುವುದಕ್ಕೆ ಒಬ್ಬ ಸಂಬಳದ ಆಳು ಇದ್ದ, ಬೆಲ್ಲ ತಿಂದು ಪಾಪ ಅವನೇ ಆನೆಮರಿಯಂತಾಗಿದ್ದ. ಅವನ ಹಿಂದೆ ಸೂರಿನವರೆಗೆ ರಾಗಿ ಮೂಟೆ, ಬೆಲ್ಲದ ಹೆಡಿಗೆ.

"ಆನೆ ಯಾವಾಗ ಸತ್ತಿತು?" ಅಂದ ರಾಜ.

"ತಮಗೆ ಹಾಲುಹಲ್ಲು ಬೀಳೋ ಕಾಲದಲ್ಲಿ, ಮಹಾಸ್ವಾಮಿ," ಅಂದ ಗಂಟೆಯವನು.

ಅಷ್ಟು ವರ್ಷ ಒಂದು ದಿನವೂ ತನ್ನ ಆನೆಯನ್ನು ನೋಡಬೇಕು ಅಂತ ರಾಜನಿಗೆ ಅನ್ನಿಸಿರಲಿಲ್ಲ. ಮೇವು ಅವನ ಮನೆಯದಾಗಿದ್ದರೆ ಅನ್ನಿಸುತ್ತಿತ್ತು. ಬೊಮ್ಮಕ್ಕ ಸೆರಗಿನಿಂದ ಗಾಯದ ಬೆಲ್ಲ ತೆಗೆದು, ಹೆಡಿಗೆಯಲ್ಲಿದ್ದ ಅಂಥದೇ ಇನ್ನೊಂದರ ಪಕ್ಕ ಇಟ್ಟಳು.

"ಇದನ್ನು ಆನೆಗೆ ಕೊಟ್ಟೆ. ಆನೆಯಿಂದ ಭಾವನಿಗೆ, ಭಾವನಿಂದ ಭಾವಮೈದುನನಿಗೆ, ಅವನಿಂದ ನನಗೇ ಸಾಲವಾಗಿ ಬಂತು. ನನ್ನ ಬೆಲ್ಲಕ್ಕೆ ನಾನೇ ಬಡ್ಡಿ ಕಟ್ಟಿದೆ. ಸಾಲದ್ದಕ್ಕೆ ನನ್ನ ಗಂಡ ಜೀತಕ್ಕೆ ಹೋಗಬೇಕಂತೆ. ಇವತ್ತು ಹೇಳಿ ಸಾವ್ಕಾರ್ರೇ, ಯಾರ ನಾಲಿಗೆ ಉದ್ದ?"

ಗುರುಮಲ್ಲಪ್ಪ ಭಾವನ ಬೆನ್ನ ಹಿಂದೆ ಸರಿದ. ರಾಜ ಇಬ್ಬರನ್ನೂ ಹಿಡಿಸಿದ. ಏಳು ಹಳ್ಳಿಯ ಸಾಲವೆಲ್ಲ ಇಂದಿಗೆ ತೀರಿತು, ಜೀತವಿಲ್ಲ ಅಂದ. ಜನ ಹೋ ಅಂದರು. ಚಿಕ್ಕೀರ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಅತ್ತನಂತೆ.

ಆದರೆ ರಾಜ ರಾಜನೇ. ಮೂಟೆಗಳ ಕಡೆ ನೋಡಿದ, ಕಣ್ಣು ಅಲ್ಲೇ ನಿಂತಿತು. "ಈ ಮೂಟೆಗಳು ಅರಮನೆಯ ಉಗ್ರಾಣಕ್ಕೆ ಹೋಗಲಿ," ಅಂದ. "ಆನೆ ಇಲ್ಲದಿದ್ದರೂ ಸರದಿ ನಮ್ಮ ವಂಶದ ಪದ್ಧತಿ. ಇನ್ನು ಮೇಲೆ ಮೇವು ನಮ್ಮ ಅಡುಗೆಮನೆಗೆ ಬರಲಿ."

ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವುದು ಆನೆಗೆ ಹೇಳಿದ ಮಾತು. ಸರದಿಯೂ ಹಾಗೇ, ಆನೆ ಸತ್ತರೂ ಸಾಯುವುದಿಲ್ಲ ಅಂತ ಎಲ್ಲರೂ ತಲೆ ತಗ್ಗಿಸಿದರು.

ಬೊಮ್ಮಕ್ಕ ಮಾತ್ರ ಕೈಮುಗಿದಳು. "ಆಗಲಿ ಬುದ್ಧಿ. ತಪ್ಪದೆ ತರ್ತೀವಿ. ಆದರೆ ಡಂಗುರ ಹೊಡೆದಾಗಿದೆ. ಏಳು ಹಳ್ಳಿಯ ಮೇವು ಯಾರು ತಿಂತಾರೋ ಅವರದು ಏಳು ಹಳ್ಳಿಗೆ ಸೇರಿದ್ದು. ನಾವು ದಿನಾ ಬೆಳಗ್ಗೆ ಬುಟ್ಟಿ ತಗೊಂಡು ಎಲ್ಲಿ ಬಂದು ನಿಲ್ಲಬೇಕು, ಅಪ್ಪಣೆಯಾಗಲಿ."

ಮಂತ್ರಿ ತನ್ನ ಉಂಗುರ ನೋಡಿಕೊಂಡ. ಸೇನಾಪತಿ ಆಕಾಶ ನೋಡಿದ. ಮೊದಲು ನಕ್ಕದ್ದು ತಿಮ್ಮವ್ವ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. ಆಮೇಲೆ ಏಳು ಹಳ್ಳಿ ನಕ್ಕಿತು. ಆಮೇಲೆ ಕಾವಲಿನವರು, ಅರಮನೆಯ ದಾಸಿಯರು, ಕೊನೆಗೆ ಪರದೆಯ ಹಿಂದೆ ರಾಣಿಯೂ ನಕ್ಕಳಂತೆ. ಡಂಗುರ ಹಿಂದಕ್ಕೆ ತಗೊಂಡರೆ ರಾಜನ ಮಾತು ಹೋಗುತ್ತದೆ, ತಗೊಳ್ಳದಿದ್ದರೆ ಮಾನ ಹೋಗುತ್ತದೆ.

"ಸರದಿ ಇಂದಿಗೆ ನಿಂತಿತು," ಅಂದ ರಾಜ. "ಆ ಮೂಟೆಗಳನ್ನೂ ತುಂಬಿಕೊಂಡು ಹೋಗಿ. ಬೇಗ ಹೋಗಿ."

ಖಾಲಿ ಬಂದ ಬುಟ್ಟಿಗಳು ತುಂಬಿಕೊಂಡು ಹೋದವು. ಕೆಲವರು ಎರಡು ಸಲ ಬಂದು ಹೋದರು, ಯಾರೂ ಕೇಳಲಿಲ್ಲ. ಅಂಗಳದಲ್ಲಿದ್ದ ಸಗಣಿ ಉಂಡೆಗಳನ್ನೂ ಬಿಡಲಿಲ್ಲ. ಪಾರುಪತ್ಯಗಾರನ ತಲೆಗೊಂದು, ಗುರುಮಲ್ಲಪ್ಪನ ತಲೆಗೊಂದು ಬುಟ್ಟಿ ಹೊರಿಸಿ, ಏಳು ಹಳ್ಳಿಯ ಗದ್ದೆಗೂ ಅವರ ಕೈಯಲ್ಲೇ ಹಾಕಿಸಿದರಂತೆ.

ಮನೆಗೆ ಬಂದು ಬೊಮ್ಮಕ್ಕ ಹಾಡಹಗಲೇ ದೀಪ ಹಚ್ಚಿಟ್ಟಳು. ಮಕ್ಕಳ ತಲೆಗೆ ಎಣ್ಣೆ ಒತ್ತಿದಳು. ಮಜ್ಜಿಗೆ ಕಡೆದು ಎಲ್ಲರಿಗೂ ಲೋಟದ ತುಂಬ ಕೊಟ್ಟಳು. ಆಮೇಲೆ ಎಲೆಸಂಚಿ ತಂದು ಅತ್ತೆಯ ಮುಂದೆ ಇಟ್ಟಳು.

"ಸಾಲ ತೀರಬೇಕಾದರೆ ಖರ್ಚು ಕಡಿಮೆ ಮಾಡಬೇಕು ಅಂದಿದ್ದನಲ್ಲ ಸಾವ್ಕಾರ," ಅಂದಳು ತಿಮ್ಮವ್ವ, ಎಲೆಗೆ ಸುಣ್ಣ ಹಚ್ಚುತ್ತಾ. "ಮಾಡಿದೆಯಲ್ಲೇ."

"ಮಾಡಿದೆ ಅತ್ತೆಮ್ಮ. ಒಂದೇ ಒಂದು ಖರ್ಚು. ಆನೆಯದು."

ಯುಗಾದಿ ಬಂತು, ಹೋಯಿತು. ಅವರು ಅಲ್ಲಿ ಮಜ್ಜಿಗೆ ಕುಡಿದು ತಣ್ಣಗಿದ್ದಾರೆ, ನಾವು ಇಲ್ಲಿ ಕತೆ ಕೇಳಿ ಬಿಸಿಯಾಗಿದ್ದೇವೆ. ಏಳಿ, ಮನೆಗೆ ಹೋಗಿ, ನಿಮ್ಮ ಬುಟ್ಟಿ ಯಾವ ಆನೆಗೆ ಹೋಗುತ್ತಿದೆ ಅಂತ ನೋಡಿಕೊಳ್ಳಿ.